ಒಂಬತ್ತು, ಹನ್ನೊಂದು: ಯಾರೂ ಲೆಕ್ಕ ಇಡದ ಕಷ್ಟದ ವರ್ಷಗಳು

"ಈ ವರ್ಷ ಬರೀ ಒಂಬತ್ತು ಅಲ್ವಾ ಟೀಚರೇ, ಮುಂದಿನ ವರ್ಷ ಹತ್ತಕ್ಕೆ ನಿಮ್ಮಲ್ಲಿಗೆ ಕಳಿಸ್ತೇನೆ."

ಪ್ರತಿ ಜೂನ್‌ನಲ್ಲಿ ಈ ಮಾತು ಕೇಳುತ್ತೇನೆ. ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ ಸಂಜೆ ಹೊತ್ತು ಗಣಿತ, ವಿಜ್ಞಾನ ಹೇಳಿಕೊಡುತ್ತಾ ಹದಿನೆಂಟು ವರ್ಷ ಆಯಿತು. ಬರುವ ಮಕ್ಕಳಲ್ಲಿ ಹೆಚ್ಚಿನವರು ನಮ್ಮ ಉಡುಪಿ, ಕುಂದಾಪುರ ಕಡೆಯ ಮನೆಯವರು. ಈಚೆಗೆ ವಿಜಯಪುರ, ಕಲಬುರಗಿಯಿಂದ ಬಂದ ಮನೆಗಳ ಮಕ್ಕಳೂ ಇದ್ದಾರೆ. ಮನೆಯಲ್ಲಿ ತುಳು ಅಥವಾ ಕನ್ನಡ, ಬಿಲ್ಡಿಂಗ್ ಕೆಳಗೆ ಮರಾಠಿ, ಟ್ರೈನಿನಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷ್. ಮುಂಬೈಯ ನಮ್ಮ ಮಕ್ಕಳ ದಿನ ಹೀಗೇ ಸಾಗುತ್ತದೆ.

ಅಮ್ಮಂದಿರು ಹಾಗೆ ಹೇಳುವುದು ಸಹಜ. ಟ್ಯೂಷನ್ ಫೀಸನ್ನು ಒಂದರ ಹಿಂದೆ ಒಂದು ಎರಡು ವರ್ಷ ಕೊಡುವುದು ಎಲ್ಲರಿಗೂ ಆಗುವ ಮಾತಲ್ಲ. ಹತ್ತರಲ್ಲಿ ಬೋರ್ಡ್ ಪರೀಕ್ಷೆ ಇದೆ. ರಿಸಲ್ಟ್ ಬಂದ ದಿನ ಊರಿಂದ ಫೋನ್ ಬರುತ್ತದೆ. ಹಾಗಾಗಿ ಇಡೀ ಮನೆ ಹತ್ತನೇ ಕ್ಲಾಸಿಗೆ ಸಜ್ಜಾಗುತ್ತದೆ. ಕೇಬಲ್ ತೆಗೆಸುತ್ತಾರೆ. ಊರಿನ ಮದುವೆಗೆ ಅಪ್ಪ ಒಬ್ಬರೇ ಹೋಗಿ ಬರುತ್ತಾರೆ. ಆದರೆ ನನ್ನ ಹಾಲ್‌ನಲ್ಲಿ ಕೂತು ಅತ್ತ ಮಕ್ಕಳನ್ನು ನೆನೆಸಿಕೊಂಡರೆ, ಅವರಲ್ಲಿ ಹೆಚ್ಚಿನವರು ಒಂಬತ್ತರವರು, ಇಲ್ಲವೇ ಹನ್ನೊಂದರವರು.

ಯಾಕೆ ಹೀಗೆ? ಪಾಠ ಕಷ್ಟವಾಗುತ್ತದೆ ಅನ್ನುವುದು ಒಂದು ಕಾರಣ, ನಿಜ. ಆದರೆ ಅದೊಂದೇ ಕಾರಣ ಆಗಿದ್ದರೆ ಮೆಟ್ಟಿಲು ಹತ್ತಿದ ಹಾಗೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪವೇ ಕಷ್ಟ ಏರಬೇಕಿತ್ತು. ಹಾಗಾಗುವುದಿಲ್ಲ. ಆರು, ಏಳನ್ನು ಸಲೀಸಾಗಿ ದಾಟಿದ ಮಗು ಒಂಬತ್ತರಲ್ಲಿ ಮುಗ್ಗರಿಸುತ್ತದೆ. ನನಗೆ ಕಂಡದ್ದು ಇಷ್ಟು. ಪುಸ್ತಕ, ಶಾಲೆ, ಭಾಷೆ, ಪರೀಕ್ಷೆಯ ನಿಯಮ, ಮಗುವಿನ ಮೈ, ಮನೆಯ ಸ್ಥಿತಿ. ಇವುಗಳಲ್ಲಿ ಒಂದು ಬದಲಾದರೆ ಮಕ್ಕಳು ಹೇಗೋ ಹೊಂದಿಕೊಳ್ಳುತ್ತಾರೆ. ಮೂರು ನಾಲ್ಕು ಒಟ್ಟಿಗೆ ಬದಲಾದ ವರ್ಷ ಮಾತ್ರ ತಡೆಯಲಾಗುವುದಿಲ್ಲ. ಮತ್ತು ನಮ್ಮ ವ್ಯವಸ್ಥೆಯಲ್ಲಿ ಇಂಥ ಬದಲಾವಣೆಗಳು ಬಂದು ಸೇರುವುದು ಹೆಚ್ಚಾಗಿ ಬೋರ್ಡ್ ಪರೀಕ್ಷೆಯ ಹಿಂದಿನ ವರ್ಷದಲ್ಲಿ. ಆಗ ಯಾರ ಗಮನವೂ ಅತ್ತ ಇರುವುದಿಲ್ಲ.

ಒಂದು ಬ್ಯಾಚಿನ ನಾಲ್ಕು ವರ್ಷ

2003ರ ಆಸುಪಾಸಿನಲ್ಲಿ ಹುಟ್ಟಿ, ಮಹಾರಾಷ್ಟ್ರ ಬೋರ್ಡಿನಲ್ಲಿ ಓದಿದ ಮಕ್ಕಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಅವರಲ್ಲಿ ಏಳು ಜನ ನನ್ನ ಹತ್ತಿರ ಬರುತ್ತಿದ್ದರು.

2017ರಲ್ಲಿ ಅವರು ಒಂಬತ್ತಕ್ಕೆ ಬಂದರು. ಅದೇ ವರ್ಷ ರಾಜ್ಯದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿ ಒಂಬತ್ತರ ಪುಸ್ತಕ ಬದಲಾಯಿಸಿತು. 2018ರಲ್ಲಿ ಹತ್ತಕ್ಕೆ ಬಂದರು. ಹತ್ತರ ಪುಸ್ತಕವೂ ಆ ವರ್ಷವೇ ಹೊಸದಾಯಿತು. ಅದರ ಜೊತೆಗೆ ಭಾಷೆ ಮತ್ತು ಸಮಾಜ ವಿಜ್ಞಾನಕ್ಕೆ ಶಾಲೆಯಲ್ಲೇ ಕೊಡುತ್ತಿದ್ದ 20 ಅಂಕಗಳನ್ನು ಆ ವರ್ಷ ತೆಗೆದುಹಾಕಿದರು. ಮಕ್ಕಳು ಪೂರ್ತಿ ಬರವಣಿಗೆಯ ಮೇಲೇ ನಿಲ್ಲಬೇಕಾಯಿತು. 2018ರಲ್ಲಿ ರಾಜ್ಯದ ಎಸ್‌ಎಸ್‌ಸಿ, ಅಂದರೆ ಹತ್ತರ ಬೋರ್ಡ್ ಪರೀಕ್ಷೆಯ ರಿಸಲ್ಟ್ ಶೇಕಡಾ 89.41 ಇತ್ತು. 2019ರಲ್ಲಿ ಅದು 77.10ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಹನ್ನೆರಡಕ್ಕೂ ಜಾಸ್ತಿ ಅಂಕೆ ಕುಸಿತ. ಗಲಾಟೆ ಆಯಿತು. ಬೇರೆ ಬೋರ್ಡಿನ ಮಕ್ಕಳಿಗೆ ಶಾಲೆಯ ಅಂಕ ಇದೆ, ನಮ್ಮ ಮಕ್ಕಳಿಗೆ ಇಲ್ಲ, ಕಾಲೇಜು ಸೀಟು ಹೇಗೆ ಸಿಗುತ್ತದೆ ಅಂತ ಪಾಲಕರು ಕೇಳಿದರು. ಸರ್ಕಾರ ಆ 20 ಅಂಕಗಳನ್ನು ವಾಪಸ್ ತಂದಿತು. 2020ರ ರಿಸಲ್ಟ್ 95.30. ಆ ವರ್ಷ ಲಾಕ್‌ಡೌನ್‌ನಿಂದ ಭೂಗೋಳದ ಪರೀಕ್ಷೆ ನಡೆಯಲೇ ಇಲ್ಲ, ಅದಕ್ಕೆ ಬೇರೆ ಪೇಪರುಗಳ ಸರಾಸರಿ ಅಂಕ ಕೊಟ್ಟರು ಅನ್ನುವುದನ್ನೂ ಸೇರಿಸಿ ನೋಡಬೇಕು.

ಮೂರು ವರ್ಷ, ಮೂರು ಅಂಕೆ. 89, 77, 95. ಈ ಮೂರು ವರ್ಷದಲ್ಲಿ ಮಕ್ಕಳ ಬುದ್ಧಿ ಇಳಿದು ಮತ್ತೆ ಏರಿತೇ? ಬದಲಾದದ್ದು ನಿಯಮ. ಆದರೆ ಮಾರ್ಕ್ಸ್ ಕಾರ್ಡಿನಲ್ಲಿ ನಿಯಮದ ಹೆಸರು ಇರುವುದಿಲ್ಲ. ಮಗುವಿನ ಹೆಸರು ಇರುತ್ತದೆ. 2019ರಲ್ಲಿ ನನ್ನ ಒಬ್ಬ ಹುಡುಗ ಮರಾಠಿಯಲ್ಲಿ ಫೇಲಾದ. ಹಿಂದಿನ ವರ್ಷದ ನಿಯಮ ಇದ್ದಿದ್ದರೆ ಅವನು ಆರಾಮವಾಗಿ ಪಾಸಾಗುತ್ತಿದ್ದ, ಯಾಕೆಂದರೆ ಅವನ ಮಾತಿನ ಮರಾಠಿ ನನ್ನದಕ್ಕಿಂತ ಚೆನ್ನಾಗಿತ್ತು. ಬರೆಯಲು ಮಾತ್ರ ಬರುತ್ತಿರಲಿಲ್ಲ. ಜುಲೈಯ ಮರುಪರೀಕ್ಷೆಯಲ್ಲಿ ದಾಟಿಕೊಂಡ. 2015ರಿಂದ ಈ ಜುಲೈ ಪರೀಕ್ಷೆ ಇರುವುದರಿಂದ ಅವನಿಗೆ ವರ್ಷ ಹೋಗಲಿಲ್ಲ. ಅದು ಈ ವ್ಯವಸ್ಥೆ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2019ರಲ್ಲಿ ಇವರು ಹನ್ನೊಂದಕ್ಕೆ ಹೋದರು. ಆ ವರ್ಷ ಹನ್ನೊಂದರ ಪುಸ್ತಕ ಹೊಸದು. ವಾರ್ಷಿಕ ಪರೀಕ್ಷೆ ಹತ್ತಿರ ಬರುವಾಗ 2020ರ ಮಾರ್ಚ್ ಬಂತು, ಒಂಬತ್ತು ಮತ್ತು ಹನ್ನೊಂದರ ಪರೀಕ್ಷೆ ರದ್ದಾಯಿತು. ಹನ್ನೆರಡಕ್ಕೆ ಬಂದರು, ಆ ಪುಸ್ತಕವೂ ಹೊಸದು. ಅದನ್ನು ಅವರು ಓದಿದ್ದು ಹೆಚ್ಚುಕಮ್ಮಿ ಪೂರ್ತಿ ಫೋನಿನಲ್ಲಿ. 2021ರಲ್ಲಿ ಹನ್ನೆರಡರ ಬೋರ್ಡ್ ಪರೀಕ್ಷೆಯೂ ರದ್ದಾಯಿತು. ಆಮೇಲೆ ಅಂಕ ಕೊಟ್ಟದ್ದು ಹೇಗೆ ಗೊತ್ತಾ? ಹತ್ತರಿಂದ 30 ಭಾಗ, ಹನ್ನೊಂದರಿಂದ 30 ಭಾಗ, ಹನ್ನೆರಡರಿಂದ 40 ಭಾಗ. ಅಂದರೆ ಯಾವ 2019ರ ಅಂಕವನ್ನು ಮರೆತು ಮುಂದೆ ಹೋಗೋಣ ಅಂತ ನಾನು ಅವರಿಗೆ ಹೇಳಿದ್ದೆನೋ, ಅದೇ ಅಂಕ ಎರಡು ವರ್ಷದ ನಂತರ ಬಾಗಿಲು ತಟ್ಟಿತು. ಆ ವರ್ಷ ರಾಜ್ಯದಲ್ಲಿ ಶೇಕಡಾ 99.63 ಮಕ್ಕಳು ಪಾಸಾದರು. ಅಂಕೆ ನೋಡಿದವರಿಗೆ ಅದು ಸುಲಭದ ವರ್ಷ. ಆ ಮಕ್ಕಳನ್ನು ನೋಡಿದ ನನಗೆ ಹಾಗನ್ನಿಸಲಿಲ್ಲ.

ಹೊಸ ಪುಸ್ತಕ ಬರುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ಪುಸ್ತಕಗಳು ಹಳೆಯವಕ್ಕಿಂತ ಚೆನ್ನಾಗಿದ್ದವು, ನಾನು ಎರಡನ್ನೂ ಪಾಠ ಮಾಡಿದ್ದೇನೆ. ಆದರೆ ಮೊದಲ ಬ್ಯಾಚ್ ಆಗುವುದು ಅಂದರೆ ಏನು ಅಂತ ನಿರ್ಧಾರ ಮಾಡುವವರು ಮನೆಗಳಿಗೆ ಬಂದು ನೋಡಬೇಕು. ಹಳೆ ಪ್ರಶ್ನೆಪತ್ರಿಕೆ ಇಲ್ಲ. ಅಕ್ಕನ ಗೈಡ್ ತಮ್ಮನಿಗೆ ಬರುವುದಿಲ್ಲ. ಮೇಲಿನ ಮಹಡಿಯ ಅಣ್ಣನಿಗೆ ಕೇಳಿದರೆ, ನಮಗೆ ಈ ಪಾಠ ಇರಲಿಲ್ಲ ಅನ್ನುತ್ತಾನೆ. ಟೀಚರುಗಳೂ ಮಕ್ಕಳ ಜೊತೆಗೇ ಮೊದಲ ಸಲ ಓದುತ್ತಿರುತ್ತಾರೆ. ದುಡ್ಡಿರುವ ಮನೆಯವರು ಕೋಚಿಂಗ್ ಕ್ಲಾಸಿನಿಂದ ನೋಟ್ಸ್ ತರುತ್ತಾರೆ. ಪುಸ್ತಕವನ್ನು ಅಣ್ಣನಿಂದ ತಂಗಿಗೆ ಇಳಿಸಿಕೊಂಡು ಬರುವ ಮನೆಗೆ ಆ ವರ್ಷ ಪೂರ್ತಿ ಖಾಲಿ ಕೈ. ಹೊಸ ಶಿಕ್ಷಣ ನೀತಿಯ ಪ್ರಕಾರ 2025-26ರಲ್ಲಿ ಮಹಾರಾಷ್ಟ್ರದಲ್ಲಿ ಒಂದನೇ ತರಗತಿಯಿಂದ ಮತ್ತೆ ಹೊಸ ಪಠ್ಯ ಶುರುವಾಗಿದೆ. ಹಂತ ಹಂತವಾಗಿ ಮೇಲಿನ ತರಗತಿಗಳಿಗೂ ಬರುತ್ತದೆ. ಯಾವುದೋ ಒಂದು ಬ್ಯಾಚು ಮತ್ತೆ ಒಂದರ ಹಿಂದೆ ಒಂದು ಹೊಸ ಪುಸ್ತಕಕ್ಕೆ ಸಿಕ್ಕಿಕೊಳ್ಳಬಹುದು. ನಿಮ್ಮ ಮನೆಯ ಮಗು ಯಾವ ವರ್ಷ ಯಾವ ತರಗತಿಗೆ ಬರುತ್ತದೆ ಅಂತ ಈಗಲೇ ಒಂದು ಲೆಕ್ಕ ಹಾಕಿ ನೋಡಿ.

ಒಂಬತ್ತರಲ್ಲಿ ಏನಾಗುತ್ತದೆ

ಮಹಾರಾಷ್ಟ್ರ ಬೋರ್ಡಿನಲ್ಲಿ ಎಂಟರವರೆಗೆ ಗಣಿತ ಒಂದೇ ಪುಸ್ತಕ. ಒಂಬತ್ತಕ್ಕೆ ಬಂದ ಕೂಡಲೇ ಅದು ಎರಡಾಗುತ್ತದೆ, ಬೀಜಗಣಿತ ಬೇರೆ, ರೇಖಾಗಣಿತ ಬೇರೆ. ರೇಖಾಗಣಿತದಲ್ಲಿ ಉತ್ತರ ಬಂದರೆ ಸಾಲದು, ಯಾಕೆ ಅಂತ ಸಾಲು ಸಾಲಾಗಿ ಬರೆದು ಸಾಧಿಸಬೇಕು. ಅದು ಮಕ್ಕಳಿಗೆ ಪೂರ್ತಿ ಹೊಸ ಕೆಲಸ.

ಆದರೆ ನಿಜವಾದ ತೊಡಕು ಇನ್ನೂ ಹಿಂದೆ ಇರುತ್ತದೆ. ಒಂಬತ್ತರ ಬೀಜಗಣಿತ ಬರುವುದಿಲ್ಲ ಅಂತ ಬಂದ ಮಗುವಿಗೆ ನಾನು ಮೊದಲು ಒಂದೇ ಲೆಕ್ಕ ಕೊಡುತ್ತೇನೆ. 1/3 ಮತ್ತು 1/4 ಕೂಡಿಸು. ಹತ್ತರಲ್ಲಿ ಆರು ಮಕ್ಕಳು 2/7 ಅಂತ ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಈ ತಪ್ಪು ಹುಟ್ಟಿದ್ದು ಐದನೇ ಕ್ಲಾಸಿನಲ್ಲಿ. ನಾಲ್ಕು ವರ್ಷ ಅದು ಸುಮ್ನೆ ಅಡಗಿ ಕೂತಿತ್ತು. ಯಾರೂ ಹಿಡಿಯಲಿಲ್ಲ.

ಯಾಕೆ ಹಿಡಿಯಲಿಲ್ಲ? 2010ರ ಏಪ್ರಿಲ್‌ನಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಎಂಟರವರೆಗೆ ಯಾರನ್ನೂ ಫೇಲ್ ಮಾಡಬಾರದು ಅಂದಿತು. ನಾನು ಆ ನಿಯಮದ ಪರ. ಏಳು ವರ್ಷದ ಮಗುವನ್ನು ಫೇಲ್ ಮಾಡಿ ಯಾರೂ ಏನೂ ಕಲಿಸಿಲ್ಲ. ಆದರೆ ಅದೇ ಕಾಯ್ದೆ ಮಗು ಎಲ್ಲಿ ನಿಂತಿದೆ ಅಂತ ವರ್ಷವಿಡೀ ನೋಡುತ್ತಾ ಇರಬೇಕು ಅಂತಲೂ ಹೇಳಿತ್ತು. ಫೇಲ್ ಮಾಡದಿರುವುದು ನಡೆಯಿತು, ನೋಡುವುದು ಎಷ್ಟೋ ಕಡೆ ಕಾಗದದಲ್ಲೇ ಉಳಿಯಿತು. 2019ರ ತಿದ್ದುಪಡಿಯ ನಂತರ ರಾಜ್ಯಗಳಿಗೆ ಐದು ಮತ್ತು ಎಂಟರಲ್ಲಿ ಪರೀಕ್ಷೆ ಇಡಲು ಅವಕಾಶ ಸಿಕ್ಕಿತು. ಮಹಾರಾಷ್ಟ್ರ 2023-24ರಿಂದ ಅದನ್ನು ತಂದಿದೆ. ಈ ಪರೀಕ್ಷೆಯಿಂದ ಮಗುವಿನ ತೊಡಕು ಗೊತ್ತಾದರೆ ಒಳ್ಳೆಯದೇ. ಬರೀ ಫೇಲು ಪಾಸಿನ ಚೀಟಿ ಆದರೆ ಕಷ್ಟದ ವರ್ಷ ಒಂಬತ್ತರಿಂದ ಎಂಟಕ್ಕೆ ಸರಿಯುತ್ತದೆ, ಅಷ್ಟೇ.

ಶಾಲೆ ಬಿಡುವ ಮಕ್ಕಳ ಅಂಕೆ ಕೂಡ ಇದನ್ನೇ ಹೇಳುತ್ತದೆ. ದೇಶದ ಶಾಲೆಗಳ ಲೆಕ್ಕ ಕೊಡುವ ಕೇಂದ್ರ ಸರ್ಕಾರದ ಯುಡೈಸ್ ವರದಿಯ ಪ್ರಕಾರ 2023-24ರಲ್ಲಿ ಇಡೀ ದೇಶದಲ್ಲಿ ಪ್ರಾಥಮಿಕ ಹಂತದಲ್ಲಿ ಶಾಲೆ ಬಿಟ್ಟವರು ಶೇಕಡಾ 1.9. ಹಿರಿಯ ಪ್ರಾಥಮಿಕದಲ್ಲಿ 5.2. ಒಂಬತ್ತು, ಹತ್ತರ ಹಂತಕ್ಕೆ ಬಂದಾಗ 14.1. ಎಂಟರವರೆಗೆ ತಳ್ಳಿಕೊಂಡು ಬಂದ ಗಾಡಿ ಒಂಬತ್ತರ ಏರಿನಲ್ಲಿ ನಿಲ್ಲುತ್ತದೆ.

ಮುಂಬೈಯಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. ಅದರ ಹೆಸರು ಹದಿನೇಳು ನಂಬರ್ ಫಾರ್ಮ್. ಶಾಲೆಗೆ ಹೋಗದೆ ಹೊರಗಿನಿಂದ ಹತ್ತರ ಪರೀಕ್ಷೆ ಬರೆಯುವವರು ತುಂಬುವ ಅರ್ಜಿ ಅದು. ಓದು ಬಿಟ್ಟು ಕೆಲಸಕ್ಕೆ ಸೇರಿದವರಿಗೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಅದು ದೊಡ್ಡ ಉಪಕಾರ. ಆದರೆ ಐದು ವರ್ಷದ ಹಿಂದೆ ನನ್ನ ಒಬ್ಬ ವಿದ್ಯಾರ್ಥಿಯ ಅಪ್ಪನನ್ನು ಶಾಲೆಗೆ ಕರೆಸಿ, ನಿಮ್ಮ ಮಗ ಒಂಬತ್ತರಲ್ಲಿ ಹಿಂದಿದ್ದಾನೆ, ಹತ್ತಕ್ಕೆ ಹದಿನೇಳು ನಂಬರ್ ತುಂಬಿಸಿ ಅಂದರು. ಆ ಶಾಲೆಗೆ ನೂರಕ್ಕೆ ನೂರು ರಿಸಲ್ಟ್‌ನ ಬೋರ್ಡು ಬೇಕಿತ್ತು. ಅಪ್ಪ ಕ್ಯಾಂಟೀನಿನಲ್ಲಿ ಕ್ಯಾಷಿಯರ್. ಸಹಿ ಹಾಕಿ ಬಂದಿದ್ದರು. ನಾನು ಮತ್ತು ಅವರ ಪಕ್ಕದ ಮನೆಯವರು ಜೊತೆಗೆ ಹೋಗಿ ಮಾತಾಡಿದ ಮೇಲೆ ಶಾಲೆ ಆ ಮಾತು ಬಿಟ್ಟಿತು. ಹುಡುಗ ಹತ್ತರಲ್ಲಿ 58 ತಂದ. ಯಾರೂ ಜೊತೆಗೆ ಹೋಗದ ಎಷ್ಟು ಅಪ್ಪಂದಿರು ಸಹಿ ಹಾಕಿರಬಹುದು ಅಂತ ಯೋಚಿಸಿದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೈಯದೂ ಒಂದು ಗಡಿಯಾರ

ಒಂಬತ್ತನೇ ಕ್ಲಾಸು ಅಂದರೆ ಹದಿನಾಲ್ಕು ವರ್ಷ. ಮೈ ಬೆಳೆಯುತ್ತಿರುತ್ತದೆ, ದನಿ ಒಡೆಯುತ್ತದೆ, ಮುಖದ ಮೊಡವೆ ಗಣಿತಕ್ಕಿಂತ ದೊಡ್ಡ ಚಿಂತೆ. ಹೆಣ್ಣುಮಕ್ಕಳು ತಿಂಗಳಲ್ಲಿ ಎರಡು ದಿನ ಹೊಟ್ಟೆನೋವು ಅಂತ ಬಾಯಿಬಿಟ್ಟು ಹೇಳದೆ ಮೂಲೆಯಲ್ಲಿ ಕೂರುತ್ತಾರೆ.

ನಿದ್ದೆಯ ವಿಷಯ ಮಾತ್ರ ಎಲ್ಲ ಪಾಲಕರಿಗೂ ಗೊತ್ತಿರಬೇಕು. ಹದಿಹರೆಯಕ್ಕೆ ಬಂದಾಗ ಮೈಯ ಗಡಿಯಾರವೇ ಹಿಂದೆ ಸರಿಯುತ್ತದೆ. ರಾತ್ರಿ ನಿದ್ದೆ ತಡವಾಗಿ ಬರುತ್ತದೆ, ಬೆಳಿಗ್ಗೆ ಎಚ್ಚರ ತಡವಾಗಿ ಆಗುತ್ತದೆ. ಇದು ಸೋಮಾರಿತನ ಅಲ್ಲ. ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಅಂತ ನಿದ್ರಾ ವೈದ್ಯರು ಹೇಳುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ ಈ ವಯಸ್ಸಿನವರ ಶಾಲೆ ಎಂಟೂವರೆಗೆ ಮೊದಲು ಶುರು ಮಾಡಬೇಡಿ ಅಂದಿತ್ತು.

ನಮ್ಮಲ್ಲಿ 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ಆದೇಶ ಹೊರಡಿಸಿತು. ನಾಲ್ಕನೇ ತರಗತಿಯವರೆಗಿನ ಶಾಲೆ ಬೆಳಿಗ್ಗೆ 9ಕ್ಕೆ ಮೊದಲು ಶುರುವಾಗಬಾರದು. ಪುಟ್ಟ ಮಕ್ಕಳಿಗೆ ಒಳ್ಳೆಯದಾಯಿತು. ಆದರೆ ಎರಡು ಪಾಳಿಯಲ್ಲಿ ನಡೆಯುವ ಶಾಲೆಗಳಲ್ಲಿ ಬೆಳಗಿನ ಏಳರ ಪಾಳಿ ದೊಡ್ಡ ಮಕ್ಕಳ ಪಾಲಿಗೆ ಉಳಿಯಿತು. ಯಾರ ಗಡಿಯಾರ ತಡವಾಗಿ ಓಡುತ್ತದೋ ಅವರೇ ಬೇಗ ಏಳಬೇಕು. ಅದರ ಮೇಲೆ ರೀಡೆವಲಪ್‌ಮೆಂಟ್. ಹಳೆ ಬಿಲ್ಡಿಂಗ್ ಕೆಡವಿದಾಗ ಮನೆಯವರು ಬದ್ಲಾಪುರದಲ್ಲೋ ನಾಲಾಸೋಪಾರಾದಲ್ಲೋ ಬಾಡಿಗೆಗೆ ಹೋಗುತ್ತಾರೆ. ಹತ್ತು ಹತ್ತಿರ ಬಂತು, ಶಾಲೆ ಬದಲಾಯಿಸುವುದು ಬೇಡ ಅಂತ ಮಗುವನ್ನು ಹಳೆ ಶಾಲೆಯಲ್ಲೇ ಉಳಿಸುತ್ತಾರೆ. ಆ ಮಗು ಐದು ಗಂಟೆಗೆ ಎದ್ದು ಲೋಕಲ್ ಹಿಡಿಯುತ್ತದೆ. ಸಂಜೆ ಏಳಕ್ಕೆ ನನ್ನ ಮುಂದೆ ಕೂತು ಪೈಥಾಗೊರಸ್ ಪ್ರಮೇಯದ ಮೇಲೆ ತೂಕಡಿಸುತ್ತದೆ. ನಾನು ಬೈಯುವುದಿಲ್ಲ. ಇಪ್ಪತ್ತು ನಿಮಿಷ ಮಲಗಲು ಬಿಡುತ್ತೇನೆ.

ಚಿಕ್ಕ ತರಗತಿಗಳಲ್ಲೂ ಇಂಥ ಒಂದು ತಿರುವು ಇದೆ. ಎರಡರವರೆಗೆ ಮಗು ಓದಲು ಕಲಿಯುತ್ತದೆ. ಮೂರು, ನಾಲ್ಕರಿಂದ ಓದಿ ಕಲಿಯಬೇಕು. ಪರಿಸರ ಅಧ್ಯಯನ ಬರುತ್ತದೆ, ನಾಲ್ಕರಲ್ಲಿ ಶಿವಾಜಿ ಮಹಾರಾಜರ ಇತಿಹಾಸ ಬರುತ್ತದೆ. ಅಕ್ಷರ ಕೂಡಿಸಿ ಕೂಡಿಸಿ ಓದುವ ಮಗು ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲಿನ ಮೊದಲು ಮರೆತಿರುತ್ತದೆ. ಅಂಥ ಮಗು ಎಲ್ಲ ವಿಷಯದಲ್ಲೂ ಒಟ್ಟಿಗೆ ಹಿಂದೆ ಬೀಳುತ್ತದೆ. ಪಾಲಕರು ಟ್ಯೂಷನ್ ಹುಡುಕುತ್ತಾರೆ. ಬೇಕಾಗಿರುವುದು ದಿನಕ್ಕೆ ಅರ್ಧ ಗಂಟೆ ಜೊತೆಗೆ ಕೂತು ಗಟ್ಟಿಯಾಗಿ ಓದುವುದು.

ಇನ್ನು ಕಟ್ಟಡ ಕೆಲಸಕ್ಕೆ ಅಂತ ಕಲಬುರಗಿ ಕಡೆಯಿಂದ ಬರುವ ಮನೆಗಳ ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಜೊತೆಗೆ ವಿಶೇಷ ಪಾಠ ಕೊಡಬೇಕು. ಹನ್ನೊಂದು ವರ್ಷದ ಹುಡುಗಿಗೆ ಆರನೇ ತರಗತಿ ಸಿಗುತ್ತದೆ. ಅವಳು ಊರಲ್ಲಿ ಓದಿದ್ದು ಮೂರರವರೆಗೆ. ಮರಾಠಿ ಮೊದಲ ಸಲ ಕೇಳುತ್ತಿದ್ದಾಳೆ. 2020ರ ಕಾಯ್ದೆಯಿಂದ ರಾಜ್ಯದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಇಲ್ಲಿ ಬದುಕುವವರು ಮರಾಠಿ ಕಲಿಯಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ವಿಶೇಷ ಪಾಠ ಎಲ್ಲಿ? ಅದು ಸಿಕ್ಕಿದ ಒಂದು ಮಗುವನ್ನೂ ನಾನು ಇನ್ನೂ ನೋಡಿಲ್ಲ.

ಹನ್ನೊಂದು ಶಾಲೆಯಿಂದ ಹೊರಗೆ ಹೋದದ್ದು

ನಮ್ಮ ಹಿರಿಯರಿಗೆ ಮೆಟ್ರಿಕ್ ಅಂದರೆ ಹನ್ನೊಂದನೇ ಕ್ಲಾಸು. ಹಗಲು ಹೋಟೆಲಿನಲ್ಲಿ ಕಪ್ಪು ತೊಳೆದು, ರಾತ್ರಿ ಫೋರ್ಟ್ ಭಾಗದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೆಟ್ರಿಕ್ ಪಾಸು ಮಾಡಿ ಬ್ಯಾಂಕು ಸೇರಿದವರು ಮುಂಬೈ ಕನ್ನಡಿಗರಲ್ಲಿ ಎಷ್ಟು ಜನ! ನಮ್ಮ ಮಾವ ಅವರಲ್ಲಿ ಒಬ್ಬರು. ಎಲ್ಲಕ್ಕಿಂತ ಕಷ್ಟದ ವರ್ಷ ಯಾವುದು ಮಾವ ಅಂತ ಕೇಳಿದ್ದೆ. "ಎಲ್ಲವೂ ಕಷ್ಟವೇ ಮಗಾ. ಆದರೆ ಬೆಂಚಿನಲ್ಲಿ ಕೂತವರೆಲ್ಲ ಹೋಟೆಲಿನವರೇ. ನಿದ್ದೆ ಬಂದರೆ ಪಕ್ಕದವ ಚಿವುಟುತ್ತಿದ್ದ" ಅಂದರು.

ಆ ಮಾತು ನನ್ನ ತಲೆಯಲ್ಲಿ ಉಳಿದಿದೆ. ಕಷ್ಟವನ್ನು ಬೆಂಚಿನವರೆಲ್ಲ ಹಂಚಿಕೊಂಡರೆ ಅದರ ತೂಕ ಬೇರೆ. ಒಬ್ಬರೇ ಹೊತ್ತರೆ ಬೇರೆ.

1975ರಲ್ಲಿ ಮಹಾರಾಷ್ಟ್ರದಲ್ಲಿ ಹತ್ತನೇ ಕ್ಲಾಸಿನ ಮೊದಲ ಎಸ್‌ಎಸ್‌ಸಿ ಪರೀಕ್ಷೆ ನಡೆಯಿತು. ಹನ್ನೊಂದು ಶಾಲೆಯಿಂದ ಹೊರಗೆ ಹೋಗಿ ಜೂನಿಯರ್ ಕಾಲೇಜಿಗೆ ಸೇರಿತು. ಅಲ್ಲಿಯವರೆಗೆ ಹನ್ನೊಂದನ್ನು ಮಗು ತನ್ನದೇ ಶಾಲೆಯಲ್ಲಿ, ಗೊತ್ತಿರುವ ಟೀಚರ ಹತ್ತಿರ, ತನ್ನ ಭಾಷೆಯಲ್ಲಿ ಓದುತ್ತಿತ್ತು. ಆಮೇಲೆ ಅದನ್ನು ಹೊಸ ಜಾಗದಲ್ಲಿ, ಇಂಗ್ಲಿಷಿನಲ್ಲಿ, ನೂರಕ್ಕೂ ಜಾಸ್ತಿ ಮಕ್ಕಳ ನಡುವೆ ಓದಬೇಕಾಯಿತು. ಮೆಟ್ರಿಕ್ ಆದ ಮೇಲೆ ಬರುತ್ತಿದ್ದ ಆ ಜಿಗಿತ ಒಂದು ವರ್ಷ ಮೊದಲೇ ಬಂತು.

ನಾನು ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. 1994ರಲ್ಲಿ ವಿಜ್ಞಾನಕ್ಕೆ ಸೇರಿದೆ. ಹತ್ತರ ವಿಜ್ಞಾನದಲ್ಲಿ ನನಗೆ 88 ಬಂದಿತ್ತು. ಹನ್ನೊಂದರ ಮೊದಲ ಭೌತಶಾಸ್ತ್ರ ಪರೀಕ್ಷೆಯಲ್ಲಿ 25ಕ್ಕೆ 6. ವೇಗೋತ್ಕರ್ಷ ನನಗೆ ಚೆನ್ನಾಗಿ ಗೊತ್ತಿತ್ತು. ಆಕ್ಸಲರೇಷನ್ ಅಂದರೆ ಅದೇ ಅಂತ ಗೊತ್ತಿರಲಿಲ್ಲ. ಜಡತ್ವ ಗೊತ್ತಿತ್ತು, ಇನರ್ಷಿಯಾ ಗೊತ್ತಿರಲಿಲ್ಲ. ಗೊತ್ತಿರುವ ಮನೆಗೆ ಹೋಗಿ ಬಾಗಿಲಲ್ಲಿ ನಿಂತು, ಒಳಗೆ ಹೋಗಲು ಬೀಗದ ಕೈ ಇಲ್ಲದ ಹಾಗೆ. ಎದ್ದು ಕೇಳಲು ಇಂಗ್ಲಿಷ್ ಬೇಕಿತ್ತು. ನಾಲ್ಕು ತಿಂಗಳು ನಾನು ಆ ಕ್ಲಾಸಿನಲ್ಲಿ ಒಂದು ಮಾತೂ ಆಡಲಿಲ್ಲ. ನಾನು ದಡ್ಡಿ ಅಂತಲೇ ನಂಬಿದ್ದೆ. ಹದಿನಾರನೇ ವಯಸ್ಸಿನಲ್ಲಿ ಹಾಗೆ ನಂಬಿದ್ದು ಬೇಗ ಹೋಗುವುದಿಲ್ಲ.

ಈಗ ಎಷ್ಟೋ ಶಾಲೆಗಳಲ್ಲಿ ಗಣಿತ ಮತ್ತು ವಿಜ್ಞಾನವನ್ನು ಮಾತ್ರ ಇಂಗ್ಲಿಷಿನಲ್ಲಿ ಕಲಿಸುವ ಸೆಮಿ ಇಂಗ್ಲಿಷ್ ಇದೆ. ಹೆಚ್ಚಿನ ಮಕ್ಕಳು ಪೂರ್ತಿ ಇಂಗ್ಲಿಷ್ ಮಾಧ್ಯಮದವರು. ಆದರೂ ಹನ್ನೊಂದು ಸುಲಭವಾಗಿಲ್ಲ. ಕಾರಣ ಬೇರೆ.

ಒಂದು, ಸಮಯ. 2025ರಲ್ಲಿ ಹತ್ತರ ಪರೀಕ್ಷೆ ಮಾರ್ಚ್ ನಡುವಿನಲ್ಲೇ ಮುಗಿಯಿತು. ರಿಸಲ್ಟ್ ಮೇ 13ಕ್ಕೆ ಬಂತು. ಆ ವರ್ಷ ಹನ್ನೊಂದರ ಆನ್‌ಲೈನ್ ಪ್ರವೇಶವನ್ನು ಇಡೀ ರಾಜ್ಯಕ್ಕೆ ವಿಸ್ತರಿಸಿದರು. ವೆಬ್‌ಸೈಟ್ ಮೊದಲ ದಿನವೇ ಕೈಕೊಟ್ಟಿತು, ಮೊದಲ ಪಟ್ಟಿ ಮುಂದೆ ಹೋಯಿತು, ಪ್ರವೇಶದ ಸುತ್ತುಗಳು ಆಗಸ್ಟ್‌ವರೆಗೂ ನಡೆದವು. ಮಾರ್ಚ್‌ನಿಂದ ಆಗಸ್ಟ್ ಅಂದರೆ ಹೆಚ್ಚುಕಮ್ಮಿ ಐದು ತಿಂಗಳು. ಅಷ್ಟು ದಿನ ಪುಸ್ತಕ ಮುಟ್ಟದ ಮಗು ಆಮೇಲೆ ಗಣಪತಿ, ನವರಾತ್ರಿ, ದೀಪಾವಳಿ ರಜೆಗಳ ನಡುವೆ ಹನ್ನೊಂದರ ದಪ್ಪ ಪುಸ್ತಕ ಮುಗಿಸಬೇಕು.

ಇನ್ನೊಂದು, ಹನ್ನೊಂದಕ್ಕೆ ಬೆಲೆ ಇಲ್ಲ ಅನ್ನುವ ಭಾವನೆ. ಬೋರ್ಡ್ ಪರೀಕ್ಷೆ ಇಲ್ಲ, ಹೇಗೂ ಪಾಸು ಮಾಡುತ್ತಾರೆ, ಹನ್ನೆರಡಕ್ಕೆ ನೋಡೋಣ. ಆದರೆ ಎಂಜಿನಿಯರಿಂಗ್‌ಗೆ ಬರೆಯುವ ಎಂಎಚ್‌ಟಿ ಸಿಇಟಿಯಲ್ಲಿ ಸುಮಾರು 20 ಭಾಗ ಪ್ರಶ್ನೆ ಹನ್ನೊಂದರಿಂದ ಬರುತ್ತದೆ. ನೀಟ್ ಮತ್ತು ಜೆಇಇಗೆ ಎರಡೂ ವರ್ಷದ ಪಾಠ ಬೇಕು. ಅಂದರೆ ಅಂಕಪಟ್ಟಿಯಲ್ಲಿ ಇಲ್ಲದ ವರ್ಷ ಪ್ರವೇಶ ಪರೀಕ್ಷೆಯಲ್ಲಿ ಇದೆ. ಹದಿನಾರರ ಮಗುವಿಗೆ ಇದನ್ನು ಜೂನ್‌ನಲ್ಲಿ ಹೇಳುವವರು ಯಾರು? ಹೆಚ್ಚಾಗಿ ಕೋಚಿಂಗ್ ಕ್ಲಾಸಿನ ಜಾಹೀರಾತು. ಅದು ಹೆದರಿಸುತ್ತದೆ, ಅಷ್ಟೇ.

ಎಲ್ಲಕ್ಕಿಂತ ಹೆಚ್ಚಾಗಿ ಒಂಟಿತನ. ಹತ್ತು ವರ್ಷ ಜೊತೆಗಿದ್ದ ಗೆಳೆಯರು ಹತ್ತು ಕಾಲೇಜಿಗೆ ಹೋದರು. ಹೊಸ ಕಾಲೇಜಿನಲ್ಲಿ ಇವನ ಹೆಸರು ಗೊತ್ತಿರುವ ಟೀಚರ್ ಒಬ್ಬರೂ ಇಲ್ಲ. ಶಾಲೆಯಲ್ಲಿ ಎರಡು ದಿನ ಬಾರದಿದ್ದರೆ ಮನೆಗೆ ಫೋನ್ ಬರುತ್ತಿತ್ತು. ಇಲ್ಲಿ ಎರಡು ವಾರ ಬಾರದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಹಳೆ ವಿದ್ಯಾರ್ಥಿಗಳು ಈ ವಯಸ್ಸಿನಲ್ಲೇ ಮಾತು ಕಡಿಮೆ ಮಾಡುವುದನ್ನು ನೋಡಿದ್ದೇನೆ. ನಿಮ್ಮ ಮನೆಯ ಮಗು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಗೆಳೆಯರ ಹೆಸರೇ ಹೇಳದಿದ್ದರೆ ಅದು ಬರೀ ವಯಸ್ಸು ಅಂತ ಬಿಡಬೇಡಿ. ಪಕ್ಕದಲ್ಲಿ ಕೂತು ಕೇಳಿ. 14416 ಅನ್ನುವ ಟೆಲಿ ಮಾನಸ್ ಸಹಾಯವಾಣಿ ಇದೆ, ಸರ್ಕಾರದ್ದು, ಕನ್ನಡದಲ್ಲೂ ಮಾತಾಡಬಹುದು.

ಸಂಘದವರಲ್ಲಿ ಒಂದು ಮಾತು

ಮುಂಬೈಯಲ್ಲಿ ನಮ್ಮ ಸಂಘಗಳಿಗೆ ಕೊರತೆ ಇಲ್ಲ. ಮಾಹಿಮ್‌ನಿಂದ ಡೊಂಬಿವಲಿಯವರೆಗೆ ಕರ್ನಾಟಕ ಸಂಘ, ಕನ್ನಡ ಸಂಘ, ಸಮಾಜದ ಸಂಘ ಎಲ್ಲ ಇವೆ. ಜೂನ್‌ನಲ್ಲಿ ನೋಟ್‌ಬುಕ್ ಹಂಚುತ್ತಾರೆ, ಆಮೇಲೆ ಹತ್ತು, ಹನ್ನೆರಡರಲ್ಲಿ ಹೆಚ್ಚು ಅಂಕ ತಂದವರಿಗೆ ಶಾಲು ಹೊದಿಸಿ ವಿದ್ಯಾರ್ಥಿವೇತನ ಕೊಡುತ್ತಾರೆ. ನನಗೂ ಒಂದು ಶಾಲು ಸಿಕ್ಕಿತ್ತು, ಅಮ್ಮ ಅದನ್ನು ಇಪ್ಪತ್ತು ವರ್ಷ ಇಟ್ಟುಕೊಂಡಿದ್ದರು. ಆ ಗೌರವ ನಿಲ್ಲಬಾರದು. ಆದರೆ ಆ ದುಡ್ಡಿನ, ಆ ಸಭಾಭವನದ ಒಂದು ಪಾಲು ಏಪ್ರಿಲ್, ಮೇಗೆ ಬರಲಿ. ಎಂಟು ಮುಗಿಸಿದವರಿಗೆ ಮೂರು ವಾರ, ಬರೀ ಭಿನ್ನರಾಶಿ ಮತ್ತು ಋಣಸಂಖ್ಯೆ. ಹತ್ತು ಮುಗಿಸಿದವರಿಗೆ ಆರು ವಾರ, ಹನ್ನೊಂದಕ್ಕೆ ಸೇತುವೆ. ಪಾಠ ಮಾಡಲು ನಿವೃತ್ತ ಟೀಚರುಗಳು ನಮ್ಮಲ್ಲೇ ಬೇಕಾದಷ್ಟು ಇದ್ದಾರೆ. ಹನ್ನೆರಡು ಮುಗಿಸಿದ ಅಕ್ಕ, ಅಣ್ಣಂದಿರನ್ನು ಜೊತೆಗೆ ಕೂರಿಸಿದರೆ ಇನ್ನೂ ಒಳ್ಳೆಯದು. ಮಾವ ಹೇಳಿದ ಹಾಗೆ, ಚಿವುಟಿ ಎಬ್ಬಿಸಲು ಪಕ್ಕದಲ್ಲಿ ಒಬ್ಬರು ಬೇಕು.

2022ರಿಂದ ನಾನು ಏಪ್ರಿಲ್‌ನಲ್ಲಿ ಇದನ್ನು ಚಿಕ್ಕದಾಗಿ ಮಾಡುತ್ತಿದ್ದೇನೆ. ಹತ್ತು ಮುಗಿಸಿದ ಆರೇಳು ಮಕ್ಕಳು. ಒಂದು ನೋಟ್‌ಬುಕ್, ಮೂರು ಸಾಲು: ಕನ್ನಡ, ಮರಾಠಿ, ಇಂಗ್ಲಿಷ್. ವೇಗೋತ್ಕರ್ಷ, ತ್ವರಣ, ಆಕ್ಸಲರೇಷನ್. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೂ ಇದರಿಂದ ಲಾಭ ಆಗಿದೆ, ಯಾಕೆಂದರೆ ಬಾಯಿಪಾಠ ಮಾಡಿದ ಪದಕ್ಕೆ ಮನೆಯ ಭಾಷೆಯಲ್ಲಿ ಅರ್ಥ ಸಿಗುತ್ತದೆ. ಎಲ್ಲರೂ ಮೇಲೆ ಬಂದರು ಅಂತ ಹೇಳಲಾರೆ. ಇಬ್ಬರು ಹನ್ನೊಂದರ ನಡುವೆ ವಿಜ್ಞಾನ ಬಿಟ್ಟು ಕಾಮರ್ಸ್‌ಗೆ ಹೋದರು. ಆದರೆ ನನ್ನ ಹಾಗೆ ನಾಲ್ಕು ತಿಂಗಳು ಬಾಯಿ ಮುಚ್ಚಿ ಕೂತವರು ಅವರಲ್ಲಿ ಯಾರೂ ಇಲ್ಲ.

ಈ ಜೂನ್‌ನಲ್ಲೂ ಆ ಮಾತು ಬಂತು. ಬಿ ವಿಂಗ್‌ನ ಒಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಬರೀ ಒಂಬತ್ತು ಅಲ್ವಾ ಟೀಚರೇ, ಸುಮ್ನೆ ಪರಿಚಯ ಆಗಲಿ ಅಂತ ಬಂದೆ. ನಾನು ಹುಡುಗಿಗೆ ಪೆನ್ಸಿಲ್ ಕೊಟ್ಟೆ. 1/3 ಮತ್ತು 1/4. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ 2/7 ಬರೆದಳು. ಬರೆದು, ಸರಿ ಇಲ್ಲ ಅಲ್ವಾ ಅಂದಳು. ಸರಿ ಇಲ್ಲ ಅಂತ ನಿನಗೆ ಅನ್ನಿಸಿತಲ್ಲ, ಅದು ಒಳ್ಳೆಯದು ಅಂದೆ. ಫೀಸಿನ ಮಾತು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳೋಣ ಅಂತ ಅಮ್ಮನಿಗೆ ಹೇಳಿದೆ. ಸೋಮವಾರದಿಂದ ಸಂಜೆ ಏಳೂವರೆಗೆ ಬರಲಿದ್ದಾಳೆ. ಐದನೇ ಕ್ಲಾಸಿನ ಗಣಿತ ಪುಸ್ತಕ ತರಲು ಹೇಳಿದ್ದೇನೆ. ರದ್ದಿಗೆ ಹಾಕಿದ್ದರೆ ನನ್ನ ಹತ್ತಿರ ಒಂದಿದೆ.